ಚೀಸಿನ ಪಟ್ಟೇದ ಅಂಚು

“ಅಕ್ಕಾರ, ಚೀಸ್‌ನಾಗ ಸೀರಿ ಮಾಡಾಕ ಬರ್ತೈತೇನ್ರಿ?”

ಗಜೇಂದ್ರಗಡದ ನನ್ನ ರೊಟ್ಟಿ ಅಂಗಡಿಯ ಬಾಗಿಲಲ್ಲಿ ನಿಂತು ಆ ಹುಡುಗಿ ಹೀಗೆ ಕೇಳಿದಾಗ ನಾನು ಹಂಚಿನ ಮುಂದೆ ಬೆವರು ಒರೆಸಿಕೊಳ್ಳುತ್ತಿದ್ದೆ. ಶಿವರಾತ್ರಿ ಆಗಷ್ಟೇ ಮುಗಿದಿತ್ತು. ಬಿಸಿಲು ಮಾತ್ರ ಯುಗಾದಿಯನ್ನೂ ಕಾಯದೆ ಬಂದುಬಿಟ್ಟಿತ್ತು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. “ಸೀರಿ ಬೇಕಂದ್ರ ಮಗ್ಗದವರ ಓಣಿಗೆ ಹೋಗವ್ವ, ಇಲ್ಲಿ ರೊಟ್ಟಿ ಸಿಗ್ತಾವ” ಎಂದೆ. ಅವಳು ಬೇಜಾರು ಮಾಡಿಕೊಳ್ಳದೆ ಒಳಗೆ ಬಂದು, ಕೈಯಲ್ಲಿದ್ದ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು.

ಒಳಗೆ ಮೂರು ತುಂಡು ಇದ್ದವು. ಒಂದು ಬೆಳ್ಳಗೆ, ಮೆತ್ತಗೆ ಇತ್ತು. ಇನ್ನೊಂದು ಗಟ್ಟಿಯಾಗಿ ಹಳದಿಗೆ ತಿರುಗಿತ್ತು. ಮೂರನೆಯದಕ್ಕೆ ಬ್ಯಾಡಗಿ ಮೆಣಸಿನಕಾಯಿ ಪುಡಿ ಕಲಸಿ ಕೆಂಪಗೆ ಮಾಡಿದ್ದಳು. ಮೂರೂ ಅವಳ ಕೈಯವೇ. ಲಕ್ಕಲಕಟ್ಟಿಯ ಹೊಲದಲ್ಲಿ ಅವರದು ದನಗಳ ಕೊಟ್ಟಿಗೆ ಇದೆ. ಅವಳು ದೂರದೂರಿಗೆ ತರಬೇತಿಗೆ ಹೋಗಿ ಚೀಸ್ ಮಾಡುವುದನ್ನು ಕಲಿತು ಬಂದು, ಕೊಟ್ಟಿಗೆಯ ಪಕ್ಕದ ಕೋಣೆಗೆ ಕೂಲರ್ ಹಚ್ಚಿ ಅಲ್ಲಿಯೇ ಶುರು ಮಾಡಿದ್ದಳು. ನಾನು ಬೆರಳಲ್ಲಿ ಮುರಿದು ಬಾಯಿಗೆ ಹಾಕಿಕೊಂಡೆ. ಬಿಳಿಯದು ಹಿತವಾಗಿತ್ತು. ಹಳದಿಯದು ಮೊದಲು ಮೂಗಿಗೆ ಬಡಿಯಿತು. ನುಂಗಿದ ಮೇಲೆ ನಾಲಿಗೆ ಮತ್ತೆ ಅದನ್ನೇ ಕೇಳಿತು.

“ಹದಿನೈದು ದಿನಕ್ಕ ನನ್ನ ನಿಶ್ಚಯ ಐತ್ರಿ. ನರಗುಂದದಿಂದ ಬೀಗರು ಬರ್ತಾರ. ಹುಡುಗಂದೇನೂ ತಕರಾರಿಲ್ಲ. ಆದ್ರ ಅವರವ್ವಾರು ಹೇಳಿ ಕಳಿಸ್ಯಾರ, ಎಮ್ಮಿ ತರ್ಲಿ, ಹಾಲು ಮಾರ್ಲಿ, ಬ್ಯಾಡನ್ನೂದಿಲ್ಲ, ಆ ಹುಳಿ ಹಿಡದ ಗಡ್ಡಿ ಇಡಾಕ ಮಾತ್ರ ನಮ್ಮನ್ಯಾಗ ಜಾಗಾ ಇಲ್ಲ ಅಂತ.”

“ತಿಂದು ನೋಡ್ಯಾರೇನು?”

“ಅದ ನೋಡ್ರಿ ಅಕ್ಕಾರ! ಒಂದ ತುತ್ತ ಬಾಯಾಗ ಇಟಗೊಂಡು ಬ್ಯಾಡ ಅಂದ್ರ ಸೈ. ತಿನ್ನಲಾರದ ಬ್ಯಾಡ ಅಂದ್ರ ಹ್ಯಾಂಗ್ರಿ?”

ಅವಳ ಲೆಕ್ಕಾಚಾರ ಹೀಗಿತ್ತು. ನಿಶ್ಚಯದ ದಿನ ಗಂಡಿನ ಕಡೆಯವರು ಹುಡುಗಿಗೆ ಸೀರೆ ತರುತ್ತಾರೆ. ತಾನೂ ಬೀಗರ ಮುಂದೆ ಒಂದು ಸೀರೆ ಇಡಬೇಕು, ಅದು ತನ್ನ ಚೀಸಿನದಾಗಿರಬೇಕು. ಚೆಂದ ಕಂಡರೆ ಕೈ ಹಾಕಿಯೇ ಹಾಕುತ್ತಾರೆ. ಮದುವೆ, ಕುಬುಸಗಳಿಗೆ ತಾಟು ಅಲಂಕಾರ ಮಾಡುವುದರಲ್ಲಿ ನಮ್ಮ ಪೇಟೆಯಲ್ಲಿ ನನ್ನ ಹೆಸರಿದೆ ಅಂತ ಯಾರೋ ಹೇಳಿದ್ದರಂತೆ. ಹೊಗಳಿಕೆಗೆ ನಾನು ಬೇಗ ಕರಗುವವಳು. ಆದರೆ ಒಪ್ಪಿಕೊಂಡದ್ದು ಹೊಗಳಿಕೆಗಲ್ಲ. ತಿನ್ನದೆಯೇ ರುಚಿ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ದಿನಾ ಅಂಗಡಿಗೆ ಬರುತ್ತಾರೆ ಅಂಥವರು.

ಮಾದರಿಗೆ ಅವಳು ತನ್ನ ಅವ್ವನ ಹಳೆಯ ಪಟ್ಟೇದ ಅಂಚಿನ ಸೀರೆಯನ್ನೇ ತಂದುಕೊಟ್ಟಳು. ನಮ್ಮ ಊರಿನ ಮಗ್ಗದ್ದು. ಒಡಲ ತುಂಬ ಸಣ್ಣ ಸಣ್ಣ ಚೌಕಳಿ, ಎರಡೂ ಕಡೆ ಅಗಲವಾದ ಅಂಚು. ನೋಡಿದ ಕೂಡಲೇ ಮನಸ್ಸಿನಲ್ಲಿ ಕೆಲಸ ಶುರುವಾಯಿತು. ಚೌಕಳಿಗೆ ಮೂರು ಬಣ್ಣದ ಚೀಸು. ಚೌಕಳಿಯ ಗೆರೆಗೆ ಚಟ್ನಿಪುಡಿ, ಕಪ್ಪಿಗೆ ಗುರೆಳ್ಳು, ಕಂದಿಗೆ ಅಗಸಿ. ಅಂಚಿಗೆ ಕರದಂಟಿನ ತುಂಡು, ದಾಳಿಂಬೆ ಕಾಳು. ಸೆರಗಿಗೆ ಸಜ್ಜೆಯ ಕಡಕ್ ರೊಟ್ಟಿ. ಬಡಗಿಯಿಂದ ಒಂದು ತೇಗದ ಹಲಗೆ ಕೆತ್ತಿಸಿ ತಂದು, ತೊಳೆದು ನೆರಳಲ್ಲಿ ಒಣಗಿಸಿ, ಮೇಲೆ ಬಾಳೆ ಎಲೆ ಹಾಸಿದೆ.

ಮೊದಲ ಪ್ರಯೋಗ ಅಂಗಡಿಯಲ್ಲೇ ನಡೆಯಿತು. ಬಿಳಿಯ ಚೀಸಿಗೆ ಚಾಕು ಹಾಕಿದರೆ ಚಾಕುವಿಗೇ ಅಂಟಿ ಬರುತ್ತಿತ್ತು, ಅಂಚು ಹರಕುಹರಕು. ಹುಡುಗಿ ಗಟ್ಟಿ ದಾರ ತೆಗೆದುಕೊಂಡು ಎರಡೂ ಕೈಯಲ್ಲಿ ಬಿಗಿಹಿಡಿದು ಮೇಲಿಂದ ಒತ್ತಿದಳು. ಚೌಕ ನುಣ್ಣಗೆ ಬಿತ್ತು. ಹಳದಿಯದಕ್ಕೆ ದಾರ ನಡೆಯಲಿಲ್ಲ. ಚಾಕುವನ್ನು ಬಿಸಿನೀರಲ್ಲಿ ಅದ್ದಿ ಒರೆಸಿ, ಅದ್ದಿ ಒರೆಸಿ ಕತ್ತರಿಸಬೇಕಾಯಿತು. ಜೋಡಿಸಿದೆವು, ಪುಡಿಯಿಂದ ಗೆರೆ ಎಳೆದೆವು. ದೂರ ನಿಂತು ನೋಡಿದರೆ ನನಗೇ ಹೆಮ್ಮೆ ಅನಿಸಿತು. ಗಿರಾಕಿಗಳ ಊಟ ಮುಗಿಸಿ ಬಂದು ನೋಡುವಷ್ಟರಲ್ಲಿ ಬಿಳಿಯ ಚೀಸು ನೀರು ಬಿಟ್ಟು, ಗುರೆಳ್ಳಿನ ಕಪ್ಪು ಇಡೀ ಒಡಲಿಗೆ ಹರಿದಿತ್ತು.

ನನ್ನ ಜೊತೆ ರೊಟ್ಟಿ ಬಡಿಯುವ ದೊಡ್ಡವ್ವ ಬಗ್ಗಿ ನೋಡಿ, “ಬಣ್ಣಾ ಬಿಡೂ ಸೀರಿ ತಂದೀರಲ್ಲ ನೀವು, ಅಂಗಡ್ಯಾಂವಗ ವಾಪಸ್ ಕೊಟ್ಟು ಬರ್ರಿ” ಎಂದಳು. ನಾವು ನಕ್ಕೆವು. ನಗು ಮುಗಿದ ಮೇಲೆ ಹುಡುಗಿಯ ಮುಖ ಸಣ್ಣದಾಯಿತು.

ತಪ್ಪು ಎಲ್ಲಿತ್ತೆಂದು ಇಬ್ಬರೂ ಕೂತು ವಿಚಾರ ಮಾಡಿದೆವು. ಪುಡಿಯಲ್ಲಿ ಉಪ್ಪಿದೆ, ಉಪ್ಪು ಹಸಿ ಚೀಸಿನ ನೀರನ್ನು ಹೊರಗೆ ಎಳೆಯುತ್ತದೆ ಎಂದು ಅವಳು ಹೇಳಿದಳು. ಹಾಗಾದರೆ ಉಪ್ಪಿಲ್ಲದ ಪುಡಿ ಕುಟ್ಟೋಣ ಎಂದೆ. ಕುಟ್ಟಿ ತಿಂದು ನೋಡಿದರೆ ಮಣ್ಣು ತಿಂದಂತಾಯಿತು. ಕೊನೆಗೆ ಎರಡು ಉಪಾಯ ಮಾಡಿದೆವು. ಚೀಸನ್ನು ತೆಳು ಬಟ್ಟೆಯಲ್ಲಿ ಸುತ್ತಿ, ಮೇಲೆ ಬೀಸುವ ಕಲ್ಲು ಹೇರಿ, ಒಂದು ರಾತ್ರಿ ಬಿಟ್ಟು ಇನ್ನಷ್ಟು ನೀರು ಇಳಿಸಿದೆವು. ಕತ್ತರಿಸಿದ ಮೇಲೆ ಪ್ರತಿ ಚೌಕದ ಬದಿಗೆ ಬೆರಳಿನಿಂದ ಕುಸುಬಿ ಎಣ್ಣೆ ಸವರಿದೆವು. ಎಣ್ಣೆ ನೀರನ್ನು ತಡೆಯಿತು, ಪುಡಿಯನ್ನೂ ಹಿಡಿದುಕೊಂಡಿತು. ಎರಡನೇ ಸಲ ಜೋಡಿಸಿದ್ದು ಸಂಜೆಯವರೆಗೂ ಹಾಗೆಯೇ ಇತ್ತು. ದೊಡ್ಡವ್ವ ಮತ್ತೆ ಬಂದು ಬೆರಳಿನಿಂದ ಗೆರೆ ಮುಟ್ಟಿ ನೋಡಿ, “ಈಗ ಪಕ್ಕಾ ಬಣ್ಣ” ಎಂದಳು.

ಸೆರಗಿನದು ಬೇರೆಯೇ ಗೋಳು. ಕಡಕ್ ರೊಟ್ಟಿಯನ್ನು ಮುರಿದರೆ ಅದು ತನಗೆ ಬೇಕಾದ ಹಾಗೆ ಮುರಿಯುತ್ತದೆ, ಸೆರಗಿನಲ್ಲಿ ಸಾಲಾಗಿ ನೇಯುವ ಚೂಪು ತೆನೆಯ ಆಕಾರಕ್ಕೆ ಅಲ್ಲ. ರೊಟ್ಟಿ ಅರ್ಧ ಬೆಂದಾಗ ಕೆಳಗಿಳಿಸಿ ಮುಮ್ಮೂಲೆಯಾಗಿ ಕತ್ತರಿಸಿ, ಮತ್ತೆ ಹಂಚಿಗೆ ಹಾಕಿ ಬಟ್ಟೆಯಿಂದ ಒತ್ತಿ ಒತ್ತಿ ಸುಡಬೇಕು. ಒತ್ತುವುದನ್ನು ಸ್ವಲ್ಪ ಮರೆತರೂ ಡೊಂಕಾಗಿ ಏಳುತ್ತಿತ್ತು. ದೊಡ್ಡವ್ವ ನನ್ನನ್ನು ಬೈಯುತ್ತಲೇ ಬುಟ್ಟಿ ತುಂಬ ಸುಟ್ಟುಕೊಟ್ಟಳು.

ನಿಶ್ಚಯದ ದಿನ ಜೋಡಿಸಿದ್ದನ್ನು ಒಯ್ಯುವ ಧೈರ್ಯ ಮಾಡಲಿಲ್ಲ. ಆ ರಸ್ತೆಯಲ್ಲಿ ಟಂಟಂ ಆಟೋದೊಳಗೆ ಕೂತ ನಮ್ಮ ಎಲುಬೇ ಜೋಡಿಸಿದ ಹಾಗೆ ಉಳಿಯುವುದಿಲ್ಲ. ಎಲ್ಲವನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ತುಂಬಿ, ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಲಕ್ಕಲಕಟ್ಟಿಗೆ ಹೋದೆ. ಹುಡುಗಿಯ ಅವ್ವ ಕಾಳಿನ ಕೋಣೆಯನ್ನು ಬಿಡಿಸಿಕೊಟ್ಟಿದ್ದರು. ದಪ್ಪ ಗೋಡೆ, ಸಣ್ಣ ಕಿಟಕಿ, ತಂಪು. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ ಕೆಲಸಕ್ಕೆ ಕೂತೆ. ಒಡಲು ಮುಗಿಯುವ ಹೊತ್ತಿಗೆ ಹುಡುಗಿ ಮೈತುಂಬ ಒಡವೆ ಹಾಕಿಕೊಂಡು ಒಳಗೆ ನುಸುಳಿದಳು. “ಕಡೇ ಚೌಕ ನಾ ಇಡ್ತೇನ್ರಿ” ಎಂದು ಸೆರಗಿನ ಬದಿಯಲ್ಲಿ ಒಂದು ಹಳದಿ ತುಂಡು ಇಟ್ಟಳು. “ನೀಟ್ ಇಡ ಬೇ, ಸೊಟ್ಟ ಆತು” ಅಂತ ಗದರಿದೆ.

ನರಗುಂದದ ಬೀಗರು ಬಂದರು. ಹಳೆಯ ವ್ಯಾಪಾರದ ಮನೆತನ, ಹೊಲಮನೆಯೂ ದೊಡ್ಡದು. ಬೀಗತಿ, ಅಂದರೆ ಗಂಡಿನ ತಾಯಿ, ಎತ್ತರದ ಹೆಂಗಸು. ಮಾತು ಕಡಿಮೆ, ಕಣ್ಣು ಚುರುಕು. ಬಂದವರೇ ಚಪ್ಪರದಲ್ಲಿ ಸಾಲಾಗಿ ಇಟ್ಟಿದ್ದ ತಾಟುಗಳನ್ನು ಒಂದೊಂದಾಗಿ ನೋಡುತ್ತ ನಡೆದರು. ಸಿಂಗರಿಸಿದ ಕೊಬ್ಬರಿ ಬಟ್ಟಲು, ಸಕ್ಕರೆಯ ಗೊಂಬೆ, ಹಣ್ಣಿನ ತಾಟು, ಕೊನೆಯಲ್ಲಿ ನಮ್ಮ ಹಲಗೆ. ಅಲ್ಲಿ ನಿಂತರು. ಹಿಂದಿನಿಂದ ಬಂದ ಹೆಂಗಸರೂ ನಿಂತರು.

“ಅಯ್ಯ, ಖರೇ ಸೀರಿನ ಐತಲ್ಲ! ಚೌಕಳಿ ನೋಡ್ರಿ, ದಡಿ ನೋಡ್ರಿ!”

ಮೊಬೈಲುಗಳು ಹೊರಬಂದವು. ನಾನು ಗೋಡೆಗೆ ಒರಗಿ ನಿಂತು ಒಳಗೊಳಗೇ ಉಬ್ಬುತ್ತಿದ್ದೆ. ಈಗ ಒಬ್ಬರು ಕೈ ಹಾಕುತ್ತಾರೆ, ಈಗ ಒಬ್ಬರು ಎತ್ತಿಕೊಳ್ಳುತ್ತಾರೆ ಎಂದು ಕಾದೆ. ಯಾರೂ ಕೈ ಹಾಕಲಿಲ್ಲ. ಫೋಟೊ ಹೊಡೆದುಕೊಂಡರು, ಹೊಗಳಿದರು, ಮುಂದೆ ಹೋದರು. ಆಗ ನನ್ನ ತಲೆಗೆ ಹೊಳೆಯಿತು. ನಮ್ಮ ಕಡೆ ಶುಭಕಾರ್ಯದಲ್ಲಿ ಸಿಂಗರಿಸಿ ಇಟ್ಟ ತಾಟು ನೋಡುವುದಕ್ಕೆ ಇರುವುದು. ಅಲ್ಲಿ ಯಾರೂ ತಿನ್ನುವುದಿಲ್ಲ, ಕಟ್ಟಿ ಬೀಗರ ಮನೆಗೆ ಕಳಿಸುತ್ತಾರೆ. ಇಷ್ಟು ವರ್ಷ ಅಂಥ ತಾಟು ಮಾಡಿದವಳೇ ನಾನು. ಚೆಂದ ಮಾಡಿದಷ್ಟೂ ಜನ ಕೈ ಹಿಂದೆ ಕಟ್ಟಿಕೊಳ್ಳುತ್ತಾರೆ ಅನ್ನುವುದು ನನಗಲ್ಲದೆ ಬೇರೆ ಯಾರಿಗೆ ಗೊತ್ತಿರಬೇಕಿತ್ತು?

ಅಷ್ಟರಲ್ಲಿ ಇನ್ನೂ ದೊಡ್ಡದು ನಡೆಯಿತು. ಬೀಗತಿ ತಿರುಗಿ ಬಂದು, ಅರಿಷಿಣ ಕುಂಕುಮದ ಬಟ್ಟಲು ತರಿಸಿ, “ಸೀರಿ ಅಂದಮ್ಯಾಲೆ ಹಂಗ ಬಿಡಬಾರದವ್ವ” ಎಂದು ನಮ್ಮ ಚೀಸಿನ ಸೀರೆಯ ಮೂಲೆಗೆ ಅರಿಷಿಣ ಕುಂಕುಮ ಹಚ್ಚಿಬಿಟ್ಟರು. ಹೊಸ ಸೀರೆಗೆ ಹಚ್ಚುವ ಹಾಗೆಯೇ, ಸೆರಗಿನ ತುದಿಗೆ, ಭಕ್ತಿಯಿಂದ. ಹೆಂಗಸರು ಕೈ ಮುಗಿದರು.

ಹುಡುಗಿ ಚಪ್ಪರದ ಆ ತುದಿಯಿಂದ ನನ್ನ ಕಡೆ ನೋಡಿದಳು. ಅಳುವುದೊಂದೇ ಬಾಕಿ. ಬೀಗತಿಯ ಮೇಲೆ ಸಿಟ್ಟು ಮಾಡುವಂತಿರಲಿಲ್ಲ. ಅವರು ಮರ್ಯಾದೆ ಮಾಡಿದ್ದರು. ಆದರೆ ಕುಂಕುಮ ಬಿದ್ದ ಸೀರೆಯನ್ನು ನಿಶ್ಚಯದ ದಿನ ಕತ್ತರಿಸುವವರು ಯಾರು? ಸೀರೆ ಹರಿದರು ಅಂತ ಒಂದು ಬಾಯಿಂದ ಬಂದರೆ ಸಾಕು, ಆ ಮಾತು ಹುಡುಗಿಯ ಬೆನ್ನು ಬಿಡುವುದಿಲ್ಲ. ಹಾಗೇ ಬಿಟ್ಟರೆ ಇದನ್ನು ಬಟ್ಟೆ ಮುಚ್ಚಿ ಜೀಪಿನಲ್ಲಿ ಇಟ್ಟು ನರಗುಂದಕ್ಕೆ ಒಯ್ಯುತ್ತಾರೆ. ಆ ಬಿಸಿಲಿಗೆ ಇಳಿಸುವ ಹೊತ್ತಿಗೆ ನಾರುತ್ತಿರುತ್ತದೆ. ಹುಳಿ ಹಿಡಿದ ಗಡ್ಡೆ ಅಂದಿದ್ದರಲ್ಲ, ಆ ಮಾತು ಖರೆ ಆಗುತ್ತದೆ. ಆಗಲೇ ಹಳದಿ ಚೌಕಗಳ ಮೈಮೇಲೆ ಎಣ್ಣೆಯ ಹನಿ ಏಳತೊಡಗಿದ್ದವು.

ಹುಡುಗಿಯ ಅವ್ವ ಬಂದು ಕಿವಿಯಲ್ಲಿ, “ಬಿಡ್ರಿ ಅಕ್ಕಾರ, ಹೆಂಗೂ ಎಲ್ಲಾರೂ ಚಲೋ ಅಂದ್ರಲ್ಲ” ಎಂದರು. ಅದೇ ಮಾತನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ನೋಡಿ ಚಲೋ ಅನ್ನಿಸಿಕೊಳ್ಳುವುದಕ್ಕೆ ಆ ಹುಡುಗಿ ದಿನಾ ನಸುಕಿನಲ್ಲಿ ಎದ್ದು ಹಾಲು ಕಾಯಿಸಿರಲಿಲ್ಲ. ಏನಾದರೂ ಆಗಲಿ ಅಂದುಕೊಂಡು ಹಲಗೆಯ ಹತ್ತಿರ ಹೋಗಿ ಕೂತುಬಿಟ್ಟೆ.

ಮೊದಲು ಒಂದು ಬಾಳೆ ಎಲೆಯ ತುಂಡು ಕೇಳಿದೆ. ಕುಂಕುಮ ಹತ್ತಿದ ಮೂಲೆಯನ್ನು, ಅದರ ತೆನೆ ಮುರಿಯದ ಹಾಗೆ, ಅಗಲ ಚಾಕುವಿನಿಂದ ಇಡಿಯಾಗಿ ಎತ್ತಿ ಎಲೆಯ ಮೇಲೆ ಇಟ್ಟೆ. ಹುಡುಗಿಯ ಅವ್ವನ ಕೈಗೆ ಕೊಟ್ಟು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: “ಇದನ್ನ ದೇವರ ಜಗಲಿ ಮ್ಯಾಲೆ ಇಡ್ರಿ ಅವ್ವಾರ. ದೇವರ ಪಾಲು ದೇವರಿಗೆ ಹೋತು. ಉಳದದ್ದು ಪ್ರಸಾದ. ಪ್ರಸಾದಾ ಬಿಡಬಾರದು.”

ಒಬ್ಬ ಮುದುಕಿ, “ಅಲ್ಲವ್ವ, ಸೀರಿ ಕೆಡಸ್ತಿಯಲ್ಲ” ಎಂದಳು.

“ಕೆಡಸಾಕತ್ತಿಲ್ಲಬೇ ಯಮ್ಮಾ, ಉಡಸಾಕತ್ತೇನಿ” ಎಂದೆ. ಆ ಮಾತು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. “ಸೀರಿ ಗಂಟಿನ್ಯಾಗ ಇಟ್ರ ಏನ್ ಬಂತು? ಉಟ್ರ ಅದಕ್ಕ ಶೋಭಾ.”

ಅಡಿಗೆಮನೆಯಿಂದ ಬಿಸಿ ಜೋಳದ ರೊಟ್ಟಿ ತರಿಸಿದೆ. ಕಡಕ್ ರೊಟ್ಟಿ ಅಲಂಕಾರಕ್ಕೆ ಸರಿ, ಹೊಟ್ಟೆಗೆ ಮೆತ್ತನೆ ರೊಟ್ಟಿಯೇ ಬೇಕು. ಒಂದು ಸಾಲು ಚೌಕ ಎತ್ತಿ ರೊಟ್ಟಿಯ ಮೇಲೆ ಇಟ್ಟೆ. ಬಿಳಿ, ಕೆಂಪು, ಹಳದಿ, ನಡುವೆ ಗುರೆಳ್ಳು ಪುಡಿ, ಮೇಲೆ ಎರಡು ಎಸಳು ಹಸಿ ಮೆಂತ್ಯೆ. ಬಿಸಿಗೆ ಬಿಳಿಯದು ಸ್ವಲ್ಪ ಮೆತ್ತಗಾಯಿತು. ನೆರಿಗೆ ಹಿಡಿಯುವ ಹಾಗೆ ರೊಟ್ಟಿಯನ್ನು ಮಡಚಿ ಹುಡುಗಿಯ ಕೈಯಲ್ಲಿ ಕೊಟ್ಟೆ. “ಹೋಗು, ನಿಮ್ಮತ್ತಿಗೆ ಕೊಡು.” ನಿಶ್ಚಯದ ದಿನ ಸೊಸೆಯಾಗುವವಳು ಎರಡೂ ಕೈಯಿಂದ ಕೊಟ್ಟ ಪ್ರಸಾದವನ್ನು ಯಾವ ಅತ್ತೆ ಬೇಡ ಅಂದಾಳು?

ಬೀಗತಿ ಕೈಯಲ್ಲಿ ಹಿಡಿದುಕೊಂಡರು. ಬಾಯಿಗೆ ಇಡಲಿಲ್ಲ. “ಇದರಾಗ ತತ್ತಿಗಿತ್ತಿ ಹಾಕೀಯೇನು?”

“ಇಲ್ರಿ ಅತ್ತಿಯಾರ. ಹಾಲು, ಹೆಪ್ಪು, ಉಪ್ಪು, ಇಷ್ಟ. ಹೆಪ್ಪಿನ ಪುಡೀನೂ ಶಾಕಾಹಾರದ್ದ ತರಸ್ತೇನ್ರಿ. ನಾವೂ ಮನ್ಯಾಗ ತತ್ತಿ ತಿನ್ನೂದಿಲ್ಲಲ್ರಿ.”

ಒಂದು ತುತ್ತು ಕಡಿದರು. ನಾನು ಇನ್ನೊಂದು ರೊಟ್ಟಿ ಮಡಚುವ ನೆವದಲ್ಲಿ ತಲೆ ತಗ್ಗಿಸಿ ಕೂತಿದ್ದೆ. “ಬಿಳೇದು ಗಿಣ್ಣದಂಗ ಐತಿ, ಸಿಹಿ ಇಲ್ಲ ಅಷ್ಟ” ಎಂದರು. ಎರಡನೇ ತುತ್ತಿಗೆ ಹಳದಿಯದು ಸಿಕ್ಕಿರಬೇಕು, ಮೂಗು ಸೊಟ್ಟ ಮಾಡಿದರು. ಬೀಗತಿ ಅಗಿದರು, ನುಂಗಿದರು, ಮಡಿಕೆ ಬಿಡಿಸಿ ಹಳದಿ ತುಂಡೊಂದನ್ನು ಬೇರೆ ಮಾಡಿ ಬೆಳಕಿಗೆ ಹಿಡಿದು ನೋಡಿದರು.

“ಇದು ಎಷ್ಟ ದಿನದ್ದು?”

“ದೀಪಾವಳಿಗೆ ಮಾಡಿದ್ರಿ.”

“ದೀಪಾವಳಿಯಾಗಿನ ಹಾಲು ಇನ್ನೂ ಕೆಟ್ಟಿಲ್ಲ?”

“ದಿನಾ ಮಗ್ಗಲಾ ಹೊರಳಿಸಬೇಕ್ರಿ. ಉಪ್ಪುನೀರಾಗ ಅದ್ದಿದ ಅರಿವಿಲೆ ಮೈ ಒರಸಬೇಕು. ಒಂದಿನಾ ತಪ್ಪಿದ್ರ ಬೂಷ್ಟ ಹಿಡೀತೈತಿ. ಜ್ವರಾ ಬಂದಾಗೂ ಎದ್ದು ಹೋಗಿ ಒರಸೇನ್ರಿ.” ಹೇಳುತ್ತ ಹೇಳುತ್ತ ಅವಳಿಗೆ ಅತ್ತೆಯ ಹೆದರಿಕೆ ಮರೆತೇ ಹೋಯಿತು. ಕೂಲರ್ ಸಾಲುವುದಿಲ್ಲ, ಬೇಸಿಗೆಯಲ್ಲಿ ಅರ್ಧಕ್ಕರ್ಧ ಗಡ್ಡೆಗಳು ಹಾಳಾಗುತ್ತವೆ, ನೆಲದ ತಂಪು ಸಿಕ್ಕರೆ ಇನ್ನೂ ಆರು ತಿಂಗಳು ಇಡಬಹುದು ಎಂದೆಲ್ಲ ಒಂದೇ ಉಸಿರಿಗೆ ಹೇಳಿದಳು. ಬೀಗತಿ ತುಂಡನ್ನು ಬೆರಳಲ್ಲಿ ತಿರುವುತ್ತ ಕಿವಿಗೊಟ್ಟರು. ಕಾಳುಕಡಿ, ಹಿಂಡಿ, ಉಪ್ಪಿನಕಾಯಿಗಳನ್ನು ವರ್ಷಗಟ್ಟಲೆ ಕೆಡದ ಹಾಗೆ ಇಟ್ಟು ಬಾಳಿದ ಹೆಂಗಸು ಅವರು. ಇಡುವ ಕಷ್ಟದ ಮಾತು ಅವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಕೈಯಲ್ಲಿದ್ದ ಹಳದಿ ತುಂಡನ್ನು ಬಾಯಿಗೆ ಹಾಕಿಕೊಂಡರು.

ಅವರು ತಿಂದದ್ದು ಕಂಡ ಮೇಲೆ ಉಳಿದವರಿಗೆ ಅಡ್ಡಿ ಏನು? ನಾನು ಮಡಚಿ ಮಡಚಿ ಕೊಟ್ಟೆ. ಸೀರೆ ಕೆಡಸ್ತಿ ಅಂದ ಮುದುಕಿ ಎರಡು ಸಲ ಕೈ ಚಾಚಿದಳು. ಒಬ್ಬಿಬ್ಬರು ಹಳದಿಯದನ್ನು ಗುಟ್ಟಾಗಿ ಎಲೆಯ ಅಂಚಿಗೆ ಸರಿಸಿದ್ದನ್ನೂ ನೋಡಿದೆ. ಇರಲಿ, ತಿಂದು ನೋಡಿ ಆಮೇಲೆ ಬಿಟ್ಟರಲ್ಲ. ಒಡಲು ಹೋಯಿತು, ಅಂಚು ಹೋಯಿತು, ದಾಳಿಂಬೆಯ ನಾಲ್ಕು ಕಾಳು ಬಿಟ್ಟರೆ ಬರೀ ಹಲಗೆ ಉಳಿಯಿತು. ಎಷ್ಟೋ ತಾಟು ಸಿಂಗರಿಸಿದ್ದೇನೆ, ಬರಿದಾದ ಹಲಗೆ ನೋಡಿ ಕಣ್ಣು ತುಂಬಿದ್ದು ಅದೇ ಮೊದಲು.

ಬೀಗರು ಹೊರಟಾಗ ನಾನು ಬಾವಿಯ ಹತ್ತಿರ ಹಲಗೆ ತೊಳೆಯುತ್ತಿದ್ದೆ. ಬೀಗತಿ ಜೀಪಿನ ಬಾಗಿಲು ಹಿಡಿದುಕೊಂಡು ನಿಂತು ಹುಡುಗಿಯನ್ನು ಕರೆದರು.

“ನೆಲದ ತಂಪ ಬೇಕಂದಿ ಹೌದಲ್ಲ?”

“ಹೌದ್ರಿ.”

“ನಮ್ಮ ನಡುಮನ್ಯಾಗ ನೆಲದಾಗ ತೋಡಿದ ಹಗೇವ ಐತಿ. ಮೊದಲ ಜ್ವಾಳಾ ತುಂಬತಿದ್ವಿ. ನಮ್ಮ ಮಾವನೋರು ಹೋದಮ್ಯಾಲೆ ಬಾಯಿ ತಗದಿಲ್ಲ. ಬ್ಯಾಸಗ್ಯಾಗೂ ಅದರ ಮ್ಯಾಲೆ ಮುಚ್ಚಿದ ಕಲ್ಲು ತಣ್ಣಗ ಇರ್ತೈತಿ.”

ಹುಡುಗಿ ಜೀಪಿನ ಹತ್ತಿರಕ್ಕೆ ಸರಿದಳು. “ಗಾಳಿ ಆಡಬೇಕ್ರಿ ಅತ್ತಿಯಾರ” ಎಂದಳು.

“ಅದನ್ನ ನನಗ ಹೇಳಿಕೊಡ್ತೀ? ಬಾಯಿ ತಗದು ಎಂಟ ದಿನಾ ಬಿಡಬೇಕು. ಆಮ್ಯಾಲೆ ಹಗ್ಗಕ್ಕ ದೀಪಾ ಕಟ್ಟಿ ಇಳಿಬಿಟ್ಟು ನೋಡಬೇಕು. ದೀಪಾ ಆರಿದ್ರ ಒಳಗಿನ ಗಾಳಿ ಚಲೋ ಇಲ್ಲ, ಮನಶಾ ಇಳಿಯಾಂಗಿಲ್ಲ. ಉರದ್ರ ಗೌಂಡ್ಯಾನ ಕರದು ಕಿಂಡಿ ಹೊಡಸೋಣಂತ, ಮೆಟ್ಟಲಾ ಕಟ್ಟಸೋಣಂತ.” ಜೀಪು ಹತ್ತಿ ಕೂತು, ಸೆರಗು ಸರಿಮಾಡಿಕೊಂಡು, ಮುಖ ಗಂಟಿಕ್ಕಿಯೇ ಸೇರಿಸಿದರು: “ವಾಸನಿ ಮಾತ್ರ ಅಡಿಗಿಮನಿಗೆ ಬರಬಾರದು ನೋಡು.”

ಯುಗಾದಿಯ ಮರುದಿನ ಹಂಚಿನ ಮುಂದೆ ಕೂತಿದ್ದಾಗ ನನ್ನ ಫೋನಿಗೆ ಒಂದು ಫೋಟೊ ಬಂತು. ಬಿಸಿಲಿಗೆ ಮೊದಲು ಏನೂ ಕಾಣಲಿಲ್ಲ, ಬರೀ ಕಪ್ಪು. ದೊಡ್ಡವ್ವ ತನ್ನ ಸೆರಗನ್ನು ಫೋನಿನ ಮೇಲೆ ನೆರಳಾಗಿ ಹಿಡಿದಳು. ಕಲ್ಲಿನ ಬಾಯಿಂದ ಹಗ್ಗವೊಂದು ಕೆಳಗೆ ಇಳಿದಿತ್ತು. ಅದರ ತುದಿಯಲ್ಲಿ, ಹಗೇವಿನ ತಳದ ಹತ್ತಿರ, ಸಣ್ಣದೊಂದು ಬೆಳಕು. ನರಗುಂದದಿಂದ ತನಗೆ ಬಂದ ಆ ಫೋಟೊದ ಕೆಳಗೆ ಹುಡುಗಿ ಬರೆದಿದ್ದಳು: “ಅಕ್ಕಾರ, ದೀಪಾ ಆರಿಲ್ಲ.”